ಪರದೆಯ ಆಚೆಯಿಂದ ತರಬೇಕಿದ್ದ ಮಾತು

ಇದನ್ನು ಹೇಳುವುದನ್ನು ನಾನು ಬಹಳ ವರ್ಷಗಳಿಂದ ಮುಂದೂಡುತ್ತ ಬಂದಿದ್ದೇನೆ. ಮೊದಲು, ಅಪ್ಪ ಇನ್ನೂ ಇದ್ದಾರೆ, ಅವರ ಕಿವಿಗೆ ಬೀಳಬಾರದು ಎಂಬ ನೆಪವಿತ್ತು. ಆಮೇಲೆ ಮಕ್ಕಳು ಸಣ್ಣವರು ಎಂಬ ನೆಪ. ಮಕ್ಕಳೂ ದೊಡ್ಡವರಾದ ಮೇಲೆ, ಇಷ್ಟು ಹಳೆಯ ಸಂಗತಿ ಈಗ ಯಾರಿಗೆ ಬೇಕು ಎಂದು ಸಮಾಧಾನ ಮಾಡಿಕೊಂಡೆ. ಕಳೆದ ತಿಂಗಳು ಕೊಂಡಾಪುರದ ಮಗಳ ಮನೆಯಲ್ಲಿ ಪೇಪರ್ ಓದುತ್ತ ಕೂತಿದ್ದೆ. ಅವಳು ಕೆಟಲಿನ ತಳಕ್ಕೆ ಕಟ್ಟಿದ್ದ ಬಿಳಿ ಕಲೆ ಬಿಡಿಸಲೆಂದು ಅದರಲ್ಲಿ ವಿನೆಗರ್ ಹಾಕಿ ಕುದಿಸಿದಳು. ನಾವು ಹೈದರಾಬಾದಿನವರು ಅದಕ್ಕೆ ಸಿರ್ಕಾ ಅನ್ನುತ್ತೇವೆ. ಆ ಹುಳಿ ಘಾಟು ಮೂಗಿಗೆ ಬಡಿದದ್ದೇ ತಡ, ಸುಲ್ತಾನ್ ಬಜಾರಿನ ನಮ್ಮ ಹಳೆಯ ಮನೆ ಅದರ ಒದ್ದೆ ಅಂಗಳ, ಕತ್ತಲೆ ಕೋಣೆ, ಒಳಗಿನ ಬಾಗಿಲು ಸಮೇತ ಎದುರಿಗೆ ಬಂದು ನಿಂತಿತು. ಕಣ್ಣಲ್ಲಿ ನೀರು ಬಂತು. “ಯಾಕ್ರಿ ಅಪ್ಪಾ, ಘಾಟು ಹತ್ತಿತೇನು? ಬಾಲ್ಕನ್ಯಾಗ ಹೋಗಿ ಕೂಡ್ರಿ” ಎಂದಳು ಮಗಳು. ಹೌದು, ಘಾಟೇ, ಎಂದು ಹೇಳಿ ಎದ್ದು ಹೋದೆ. ಅದೂ ಒಂದು ಸುಳ್ಳೇ. ಅಲ್ಲಿ ಕೂತಾಗ, ಇನ್ನು ಹೇಳದಿದ್ದರೆ ಆಗದು ಅನ್ನಿಸಿತು. ನಾನು ಹೈಸ್ಕೂಲಿನ ಆಚೆ ಓದಿದವನಲ್ಲ; ಪಟಾನ್‌ಚೆರುವಿನ ಒಂದು ಔಷಧ ಕಾರ್ಖಾನೆಗೆ ಬಸ್ಸಿನಲ್ಲಿ ಹೋಗಿ ಬಂದು ಬದುಕು ಸವೆಸಿದವನು. ಬರವಣಿಗೆಯಲ್ಲಿ ಹೆಚ್ಚುಕಡಿಮೆ ಇದ್ದರೆ ಸಹಿಸಿಕೊಳ್ಳಿ.

ನಮ್ಮದು ಮೂಲದಲ್ಲಿ ಆಳಂದ ಕಡೆಯ ಮನೆತನ. ಅಜ್ಜ ಬಟ್ಟೆ ಮಾರಲು ಹೈದರಾಬಾದಿಗೆ ಬಂದವರು; ಅಪ್ಪ ಬಟ್ಟೆ ಬಿಟ್ಟು ಕ್ಯಾಮೆರಾ ಹಿಡಿದರು. ಬಜಾರಿನ ದೊಡ್ಡ ರಸ್ತೆಯಿಂದ ಒಳಕ್ಕೆ, ಬಳೆ ಅಂಗಡಿಗಳ ಹಿಂದೆ, ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಅಂಟಿಕೊಳ್ಳಬೇಕಾದಂಥ ಗಲ್ಲಿಯಲ್ಲಿ ನಮ್ಮ ಮನೆ ಇತ್ತು. ಗಲ್ಲಿಗೆ ಬಾಗಿಲಿದ್ದ ಮುಂದಿನ ಕೋಣೆಯೇ ಸ್ಟುಡಿಯೋ. ಅಲ್ಲಿ ಗೋಡೆಯ ತುಂಬ ಒಂದು ಬಣ್ಣದ ಪರದೆ. ಅದರ ಮೇಲೆ ಕೆರೆ, ಕೆರೆಗೆ ಇಳಿಯುವ ಮೆಟ್ಟಿಲು, ಯಾರೂ ಎಲ್ಲೂ ಕಾಣದ ಒಂದು ಜಾತಿಯ ಮರ. ಕೋಣೆಯ ಹಿಂದೆ ಅಂಗಳ, ಅಂಗಳದಲ್ಲಿ ನಲ್ಲಿ, ನಲ್ಲಿಯ ನೀರು ಕುಡಿದು ಬೆಳೆದ ಸೀತಾಫಲದ ಗಿಡ. ಬಚ್ಚಲಿಗೆ ಹೊಂದಿಕೊಂಡು ಕತ್ತಲೆ ಕೋಣೆ. ಅದರೊಳಗೆ ಕೆಂಪು ಬಲ್ಬಿನ ಬೆಳಕಲ್ಲಿ ತಟ್ಟೆಗಳು ಸಾಲಾಗಿದ್ದವು. ಒಂದರಲ್ಲಿ ಚಿತ್ರ ಮೂಡಿಸುವ ಔಷಧ, ಪಕ್ಕದ್ದರಲ್ಲಿ ಮೂಡಿದ್ದನ್ನು ಅಲ್ಲಿಗೇ ನಿಲ್ಲಿಸುವ ಸಿರ್ಕಾ ನೀರು, ಕೊನೆಯದರಲ್ಲಿ ಚಿತ್ರ ಅಳಿಯದಂತೆ ಹಿಡಿದಿಡುವ ಹೈಪೊ. ಈ ವಾಸನೆಗಳು ಅವ್ವನ ಒಗ್ಗರಣೆಯ ವಾಸನೆಯ ಜೊತೆ ಬೆರೆತು ನಮ್ಮ ಬಟ್ಟೆಗೆ, ತಲೆದಿಂಬಿಗೆ, ಪಠ್ಯಪುಸ್ತಕಕ್ಕೆ ಹತ್ತಿದ್ದವು. “ನಿಮ್ಮ ಹೈಪೊ ವಾಸನಿ ನನ್ನ ಝುಣಕದಾಗೂ ಬಂದೈತ್ರಿ” ಎಂದು ಅವ್ವ ಗೊಣಗಿದರೆ, “ಬರ್ಲಿ ಬಿಡು, ಝುಣಕಾ ಬಣ್ಣ ಬಿಡಂಗಿಲ್ಲ” ಎಂದು ಅಪ್ಪ ರೊಟ್ಟಿ ಮುರಿಯುತ್ತಿದ್ದರು.

ಅಂಗಳ ದಾಟಿದರೆ ಒಳಗಿನ ಕೋಣೆ. ಅದು ಅತ್ತೆಯ ರಾಜ್ಯ. ಅತ್ತೆ ಎಂದರೆ ಅಪ್ಪನ ಅಕ್ಕ. ಮದುವೆಯಾಗಿ ಬಸವಕಲ್ಯಾಣಕ್ಕೆ ಹೋದವಳು ಒಂದು ತಗಡಿನ ಟ್ರಂಕಿನೊಡನೆ ತಿರುಗಿ ಬಂದಿದ್ದಳಂತೆ. ಯಾಕೆ ಎಂದು ಮಕ್ಕಳಾದ ನಮಗೆ ಯಾರೂ ಹೇಳಲಿಲ್ಲ. ತಮ್ಮನಿಗೆ ತಟ್ಟೆ ತೊಳೆದುಕೊಡುತ್ತ, ಔಷಧ ಕಲಸಿಕೊಡುತ್ತ, ಅವಳು ಎಲ್ಲ ಕೆಲಸ ಕಲಿತಳು, ಕಡೆಗೆ ಕ್ಯಾಮೆರಾವನ್ನೂ. ಆ ಕಾಲದಲ್ಲಿ ಹಳೆಯ ಮನೆತನಗಳ ಹೆಂಗಸರು, ಮುಸ್ಲಿಮರಿರಲಿ ಮಾರವಾಡಿಗಳಿರಲಿ, ಪರ ಗಂಡಸಿನ ಕ್ಯಾಮೆರಾದ ಮುಂದೆ ಕೂರುತ್ತಿರಲಿಲ್ಲ. ಅಂಥವರಿಗಾಗಿ ಅತ್ತೆಯ ಕೋಣೆ. ಪರದೆ ಕಟ್ಟಿದ ರಿಕ್ಷಾ ಗಲ್ಲಿಯ ಬಾಯಿಗೆ ಬಂದು ನಿಂತರೆ, ಅಪ್ಪ ತಾವಾಗಿಯೇ ಎದ್ದು ಎದುರಿನ ಚಹಾದಂಗಡಿಗೆ ಹೋಗಿ ಕೂರುತ್ತಿದ್ದರು. ಕೋಣೆಯಲ್ಲಿ ಬಣ್ಣದ ಪರದೆ ಇರಲಿಲ್ಲ. ಸುಣ್ಣ ಬಳಿದ ಗೋಡೆ, ಒಂದು ಕುರ್ಚಿ, ಎಡಗಡೆ ಎತ್ತರದಲ್ಲಿ ಒಂದು ಕಿಟಕಿ, ಇಷ್ಟೇ. ಆ ಕಿಟಕಿಯ ಬೆಳಕನ್ನೇ ಅವಳು ಅತ್ತಿತ್ತ ಹಿಡಿದು ಚಿತ್ರ ತೆಗೆಯುತ್ತಿದ್ದಳು.

ಆ ಕೋಣೆಗೆ ಒಂದು ಕಟ್ಟಳೆ ಇತ್ತು. ಅಲ್ಲಿ ತೆಗೆದ ಚಿತ್ರ ಒಬ್ಬ ಪರ ಗಂಡಸಿನ ಕಣ್ಣಿಗೂ ಬೀಳಬಾರದು. ಅತ್ತೆಯೇ ತೊಳೆದು, ಅತ್ತೆಯೇ ಅಚ್ಚು ತೆಗೆದು, ಅತ್ತೆಯೇ ಕವರಿಗೆ ಹಾಕಿ ಗೋಂದು ಹಚ್ಚಿ ಮುಚ್ಚುತ್ತಿದ್ದಳು. ಕವರಿನಲ್ಲಿ ಚಿತ್ರದ ಜೊತೆ ನೆಗೆಟಿವ್ ಕೂಡ ಹೋಗುತ್ತಿತ್ತು. ಇನ್ನೊಂದು ಪ್ರತಿ ಯಾರೂ ಎಂದೂ ತೆಗೆಯಲಾರರು ಎಂಬ ನಂಬಿಕೆಗಾಗಿ ಹಾಗೆ. ನಮ್ಮ ಮನೆಯಲ್ಲಿ ಆ ಚಿತ್ರದ ಗುರುತೇ ಉಳಿಯುತ್ತಿರಲಿಲ್ಲ. ಅಪ್ಪ ಕೂಡ ತಮ್ಮ ಅಕ್ಕ ತೆಗೆದ ಒಂದು ಫೋಟೋವನ್ನೂ ನೋಡಿದವರಲ್ಲ.

ಇದರಿಂದ ಅವಳಿಗೆ ಒಂದು ನಷ್ಟವಿತ್ತು. ನಿಮ್ಮಲ್ಲಿ ಯಾರಾದರೂ ಫೋಟೋ ತೆಗೆಯುವವರಿದ್ದರೆ ನಿಮಗೆ ಗೊತ್ತು, ತೆಗೆದವರಿಗೆ ನಿಜವಾದ ಘಳಿಗೆ ಬರುವುದು ಫೋಟೋ ತೆಗೆಯುವಾಗ ಅಲ್ಲ, ಅದನ್ನು ಅದರ ಒಡೆಯರು ನೋಡುವಾಗ. ಅಪ್ಪನಿಗೆ ಅದು ದಿನವೂ ಸಿಗುತ್ತಿತ್ತು. ಗಿರಾಕಿ ಗಲ್ಲೆಯ ಮುಂದೆಯೇ ಕವರು ಬಿಚ್ಚುತ್ತಿದ್ದ. ಒಮ್ಮೆ ಒಬ್ಬ ಬಸ್ ಡ್ರೈವರ್ ತನ್ನ ಚಿತ್ರ ನೋಡಿ, “ಅರೇ ಉಸ್ತಾದ್, ಮೈ ಇತ್ತಾ ಅಚ್ಛಾ ಹೂಂ ಕ್ಯಾ?” ಎಂದು ಕೇಳಿದ. ನಾನು ಇಷ್ಟು ಚೆನ್ನಾಗಿದ್ದೇನೆಯೆ ಎಂಬ ಆ ಪ್ರಶ್ನೆಯನ್ನು ಅಪ್ಪ ಊಟದ ಹೊತ್ತಿನಲ್ಲಿ ಎರಡು ಸಲ ಹೇಳಿ, ಒಂದು ರೊಟ್ಟಿ ಹೆಚ್ಚಿಗೆ ತಿಂದರು. ಅತ್ತೆ ಕೇಳಿಸಿಕೊಂಡು ನಕ್ಕಳು. ಅವಳ ಚಿತ್ರಗಳನ್ನು ಬಿಚ್ಚುತ್ತಿದ್ದದ್ದು ಎಲ್ಲೋ ದೂರದ ಮನೆಗಳ ಪರದೆಗಳ ಹಿಂದೆ. ಆ ಮುಖಗಳು ಹೇಗಾದವು ಎಂದು ಅವಳಿಗೆ ತಿಳಿಯಲು ಇದ್ದ ದಾರಿ ಒಂದೇ, ನಾನು.

ನಾನು ಸಣ್ಣವನಾದ್ದರಿಂದ ಪರದೆಯ ಎರಡೂ ಕಡೆ ಓಡಾಡಬಹುದಾಗಿತ್ತು. “ಮೀಸಿ ಬರೂತನಾ ನೀ ಗಂಡಸಲ್ಲ, ತಿಳೀತಿಲ್ಲ?” ಎಂದು ಅತ್ತೆ ನನ್ನ ಗಲ್ಲ ಹಿಂಡುತ್ತಿದ್ದಳು. ಅವಳು ಕ್ಯಾಮೆರಾದ ಕರಿಬಟ್ಟೆಯೊಳಗೆ ತಲೆ ತೂರಿಸಿದಾಗ ನಾನು ಬೆಳಕು ಎರಚಲು ಬಿಳಿ ಪಂಚೆ ಹಿಡಿದು ನಿಲ್ಲುತ್ತಿದ್ದೆ. ಬಟ್ಟೆಯೊಳಗಿನಿಂದ ಅವಳ ಮಾತು ಮಾತ್ರ ಕೇಳುತ್ತಿತ್ತು. ಬಿಗಿದುಕೊಂಡು ಕೂತ ಸೊಸೆಯೊಬ್ಬಳಿಗೆ, “ಸಾಸ್ ಕೋ ಯಾದ್ ನಕ್ಕೋ ಕರೋ ಬೀಬೀ, ಹುಬ್ಬು ಗಂಟಾಗ್ತಾವ” ಎಂದು ಅರ್ಧ ಅವರ ಮಾತು ಅರ್ಧ ನಮ್ಮ ಮಾತಿನಲ್ಲಿ ಗಂಡನ ತಾಯಿಯನ್ನು ನೆನೆಯಬೇಡ ಎಂದಳು. ಆ ಸೊಸೆ ಕಿಲಕ್ಕನೆ ನಕ್ಕಾಗ ಚಿತ್ರ ಆಗಿಹೋಗಿತ್ತು. ಬಂದ ಹೆಂಗಸರೆಲ್ಲ ಅವಳನ್ನು ತಸ್ವೀರ್‌ವಾಲಿ ಆಪಾ, ಅಂದರೆ ಫೋಟೋ ತೆಗೆಯುವ ಅಕ್ಕ, ಎಂದು ಕರೆಯುತ್ತಿದ್ದರು.

ಕವರು ಮುಟ್ಟಿಸುವುದು ನನ್ನ ಕೆಲಸ. ಮುಟ್ಟಿಸಿ ಬರುವುದಷ್ಟೇ ಅಲ್ಲ, ಅಲ್ಲಿಯೇ ನಿಂತು ಮಾತು ತರಬೇಕು. ಮನೆಯ ಒಳ ಅಂಗಳದ ಪರದೆಯ ಸಂದಿನಿಂದ ಒಂದು ಕೈ ಬಂದು ಕವರು ತೆಗೆದುಕೊಳ್ಳುತ್ತಿತ್ತು. ಕಾಗದ ಹರಿಯುವ ಸದ್ದು. ಆಮೇಲೆ ಏನು ಕೇಳುತ್ತದೋ ಅದನ್ನು ಹೊತ್ತು ನಾನು ಓಡಬೇಕು. ಅತ್ತೆ ಅಡಿಗೆಮನೆಯ ಹೊಸ್ತಿಲಲ್ಲಿ ಕಾದಿರುತ್ತಿದ್ದಳು. “ಏನಂದ್ರೊ? ಅಂದದ್ದು ಅಂದಂಗ ಹೇಳು. ಒಂದಕ್ಷರ ಕೂಡಸಬ್ಯಾಡ, ಒಂದಕ್ಷರ ಕಳೀಬ್ಯಾಡ.” ಒಬ್ಬ ದರ್ಜಿಯ ಹೆಂಡತಿ, ಇದರಲ್ಲಿ ನಾನು ನನ್ನ ತಾಯಿಯ ಹಾಗೆ ಕಾಣುತ್ತೇನೆ ಎಂದು ಹೇಳಿ ಕಳಿಸಿದ್ದಳು. ಇನ್ನೊಬ್ಬಳು, ಚಿತ್ರ ಚೆನ್ನಾಗಿದೆ, ಮೂಗು ಮಾತ್ರ ನನ್ನದಲ್ಲ ಎಂದಿದ್ದಳು. “ಮೂಗು ಅಕೀದs, ನಾ ಎಲ್ಲಿಂದ ತರ್ಲಿ ಬ್ಯಾರೆ ಮೂಗು?” ಎಂದು ಅತ್ತೆ ಅವ್ವನ ಭುಜ ತಟ್ಟಿ ತಟ್ಟಿ ನಕ್ಕಳು. ಮಾರವಾಡಿ ಮನೆಯ ಹೊಸ ಸೊಸೆಯೊಬ್ಬಳು ಏನೂ ಹೇಳಲಿಲ್ಲ, ಪರದೆಯ ಹಿಂದೆ ನಕ್ಕಳು ಅಷ್ಟೇ. ನಾನು ಹಾಗೆಂದು ಹೇಳಿದರೆ ಅತ್ತೆ ಬಿಡಲಿಲ್ಲ. “ಹೆಂಗ ನಕ್ಕಳು? ನಕ್ಕು ತೋರಸು.” ನಾನು ನಕ್ಕು ತೋರಿಸಿದೆ. “ಅಷ್ಟು ಜೋರಾಗಿ?” “ಇಲ್ಲ, ಸಣ್ಣಗ. ಬಾಯಿಗೆ ಸೆರಗು ಇಟ್ಟಂಗ.” ಮತ್ತೆ ನಕ್ಕು ತೋರಿಸಿದೆ. ಅವಳು ಕಣ್ಣು ಮುಚ್ಚಿ ಕೇಳಿದಳು. ಕಾಚಿಗುಡದ ಒಬ್ಬ ಹೆಂಗಸು ಮಾತೂ ಆಡಲಿಲ್ಲ, ನಗಲೂ ಇಲ್ಲ ಎಂದು ಇನ್ನೊಮ್ಮೆ ಹೆದರುತ್ತ ಬಂದು ಹೇಳಿದೆ. “ಭಾಳ ಹೊತ್ತು ಸುಮ್ಮನಿದ್ರೇನು?” “ಹೂಂ. ಒಳಗ ಚಾ ಆರಿಹೋತು ಅಂತ ಯಾರೋ ಬೈದ್ರು.” ಆ ದಿನದಷ್ಟು ಸಂತೋಷವನ್ನು ಅತ್ತೆಯ ಮುಖದಲ್ಲಿ ನಾನು ಕಂಡದ್ದು ಕಡಿಮೆ. ಸಂಜೆಯವರೆಗೆ ಏನೋ ಗುನುಗುತ್ತ ಕೆಲಸ ಮಾಡಿದಳು. ಇಂಥ ಒಂದು ಮಾತು ಸಿಕ್ಕರೆ ಅವಳ ದಿನ ತುಂಬುತ್ತಿತ್ತು. ಮನೆಯವರು ಯಾರೂ ಅವಳನ್ನು ಹೊಗಳುತ್ತಿರಲಿಲ್ಲ. ಮನೆಯವರನ್ನು ಹೊಗಳುವ ಪದ್ಧತಿ ನಮ್ಮ ಕಡೆ ಇರಲಿಲ್ಲ.

ಆಮೇಲೆ ಸಂಕ್ರಾಂತಿಯ ಮುಂಚಿನ ಪತಂಗದ, ಅಂದರೆ ಗಾಳಿಪಟದ, ದಿನಗಳು ಬಂದವು. ಹೈದರಾಬಾದಿನ ಆಕಾಶವನ್ನು ಆ ದಿನಗಳಲ್ಲಿ ನೋಡಿದವರಿಗೆ ಹೇಳಬೇಕಾಗಿಲ್ಲ. ಶಾಲೆ ಬಿಟ್ಟರೆ ಕಾಲು ತಾವಾಗಿ ಮಾಳಿಗೆಯ ಕಡೆ ಓಡುತ್ತಿದ್ದವು. ನನ್ನ ಗೆಳೆಯ ಖಾಜಾ, ಬಟ್ಟೆಗೆ ಬಣ್ಣ ಹಾಕುವವರ ಮನೆಯ ಹುಡುಗ. ಅವರ ಮಾಳಿಗೆ ಆ ಓಣಿಗೆಲ್ಲ ಎತ್ತರ. ಒಂದು ದಿನ ಕವರನ್ನು ಮುಟ್ಟಿಸಬೇಕಾಗಿದ್ದ ಮನೆಯ ಬಾಗಿಲ ಕಾಯುವವನ ಕೈಗೆ ಕೊಟ್ಟು ನೇರ ಖಾಜಾನ ಮಾಳಿಗೆಗೆ ಹೋದೆ. ಮನೆಗೆ ಬಂದಾಗ ಅತ್ತೆ ಕೇಳಿದಳು, “ಏನಂದ್ರೊ?” ನಾನು ಒಂದು ಮಾತು ಕಟ್ಟಿ ಹೇಳಿದೆ. ಅವಳ ಮುಖ ಅರಳಿತು. ಇಷ್ಟು ಸುಲಭವೇ ಅನ್ನಿಸಿತು. ಆಮೇಲೆ ಕವರುಗಳು ಬಾಗಿಲಲ್ಲೇ ಉಳಿದವು, ಮಾತುಗಳನ್ನು ನಾನು ಪತಂಗದ ದಾರ ಸುತ್ತುತ್ತ ಹೊಸೆದೆ. ಒಬ್ಬ ಬೇಗಂ ಫೋಟೋಗೆ ಅತ್ತರು ಹಚ್ಚಿದರು. ಇನ್ನೊಬ್ಬರು ಗಂಡನಿಗೆ ತೋರಿಸಿ ಹೊಸ ಸೀರೆ ಪಡೆದರು. ನನ್ನ ಮಾತುಗಳು ನಿಜವಾದವುಗಳಿಗಿಂತ ಚೆಂದ ಇದ್ದವು. ಒಮ್ಮೆ ಮಾತ್ರ ಅತ್ತೆ ಕೈಯೊಳಗಿನ ಹಿಟ್ಟು ಬಿಟ್ಟು ನನ್ನನ್ನು ನೋಡಿ, “ಈಗ ಯಾರೂ ಖೋಡಿ ತೆಗ್ಯಾಂಗಿಲ್ಲಲ್ಲೊ ಮಗಾ. ಮೂಗು ಎಲ್ಲಾರದೂ ಛಲೋ ಬರಾಕತ್ತಾವೇನು?” ಎಂದಳು. ನಾನು ಹೌದು ಎಂದೆ. ಅವಳು ನಂಬಿದಳು. ನಂಬಬೇಕೆಂದು ಅವಳಿಗೂ ಇತ್ತೇನೋ.

ಆ ದಿನಗಳಲ್ಲೇ ಒಂದು ಬೆಳಿಗ್ಗೆ ಕಾಚಿಗುಡದ ಇನ್ನೊಂದು ಮನೆಯಿಂದ ಬಹಳ ವಯಸ್ಸಾದ ಒಬ್ಬ ಹೆಂಗಸನ್ನು ಅವರ ಮಗಳು ಕರೆತಂದಳು. ಎಲ್ಲರೂ ಆ ಮುದುಕಿಯನ್ನು ನಾನಿಮಾ ಅನ್ನುತ್ತಿದ್ದರು, ನಾವೂ ಹಾಗೇ ಕರೆದೆವು. ಜೀವಮಾನದಲ್ಲಿ ಒಂದು ಫೋಟೋಗೂ ಕೂತವರಲ್ಲ. ಫೋಟೋ ತೆಗೆಸಿಕೊಂಡರೆ ಆಯುಷ್ಯ ಕಡಿಮೆಯಾಗುತ್ತದೆ ಎಂದು ಅವರ ಮಗ ನಂಬಿದ್ದ. ನನ್ನ ಸ್ವಂತ ಅಜ್ಜಿಯೂ ಹಾಗೇ ನಂಬಿ, ಫೋಟೋಗ್ರಾಫರನ ಮನೆಯಲ್ಲಿದ್ದೂ ಚಿತ್ರವಿಲ್ಲದೆ ಸತ್ತವಳು. ಹಾಗಾಗಿ ಮಗನಿಗೆ ತಿಳಿಸದೆ ತಾಯಿ ಮಗಳು ಬಂದಿದ್ದರು. ಕುರ್ಚಿಯಲ್ಲಿ ಕೂತ ನಾನಿಮಾ ಬುರ್ಖಾ ಸರಿಸಿ, ಎರಡೂ ಕೈ ತೊಡೆಯ ಮೇಲೆ ಬಿಡಿಸಿಟ್ಟು, ಕೈ ಕಾಣಬೇಕು ಎಂದರು. “ಮೂಂಹ್ ತೋ ಅಲ್ಲಾ ದಿಯಾ, ಆಪಾ. ಹಾತಾಂ ಮೈ ಖುದ್ ಕಮಾಯೀ.” ಮುಖ ದೇವರು ಕೊಟ್ಟದ್ದು, ಕೈಗಳನ್ನು ನಾನೇ ಸಂಪಾದಿಸಿದ್ದು. ಗಂಡ ಸತ್ತ ಮೇಲೆ ಜರಿಯ ಕಸೂತಿ ಮಾಡಿ ಮಕ್ಕಳನ್ನು ಸಾಕಿದವರಂತೆ. ಆ ದಿನ ಅತ್ತೆ ಜೋಕು ಮಾಡಲಿಲ್ಲ. ಕಿಟಕಿಯ ಬೆಳಕು ಇಳಿದು ಆ ಕೈಗಳ ಮೇಲೆ ಬರುವವರೆಗೂ ಕಾದಳು. ನಾನು ಪಂಚೆ ಹಿಡಿದು ಹಿಡಿದು ತೋಳು ನೋವಾಗಿ ಕುಂಯ್‌ಗುಟ್ಟಿದೆ. “ಸುಮ್ಮ ನಿಂದರೊ ಹುಚ್ಚಪ್ಯಾಲಿ” ಎಂದು ಮೆಲ್ಲಗೆ ಗದರಿಸಿ, ಒಂದೇ ಒಂದು ಚಿತ್ರ ತೆಗೆದಳು. ಮರುದಿನ ಕತ್ತಲೆ ಕೋಣೆಯಿಂದ ಹೊರಬಂದಾಗ ಸಿರ್ಕಾ ವಾಸನೆಯ ಕೈಯಲ್ಲೇ ನನ್ನ ಮುಖ ಹಿಡಿದು, “ಇಂಥಾದ್ದು ನಾ ಇನ್ನೊಮ್ಮೆ ತೆಗ್ಯಾಂಗಿಲ್ಲೊ” ಎಂದಳು. ಕವರು ಕೊಡುವಾಗ ಎರಡು ಸಲ ಹೇಳಿದಳು, ಅವರ ಮಗಳ ಕೈಗೇ ಕೊಡು, ನಿಂತು ಬಾ, ಏನಂತಾರ ಕೇಳಿಕೊಂಡು ಬಾ.

ನಾನು ಹೋದೆ. ದಾರಿಯಲ್ಲಿ ಖಾಜಾನ ಮನೆ. ಯಾರದಾದರೂ ಒಂದು ಪತಂಗದ ದಾರ ಕಡಿದು ಆಮೇಲೆ ಹೋಗುವೆ ಎಂದುಕೊಂಡು ಮಾಳಿಗೆ ಹತ್ತಿದೆ. ಕವರು ಚಡ್ಡಿಯ ಪಟ್ಟಿಗೆ ಸಿಕ್ಕಿಸಿದ್ದೆ. ದಾರ ಎಳೆಯುತ್ತ ಕಟ್ಟೆಯ ಮೇಲೆ ಹೊಟ್ಟೆ ಊರಿ ಬಾಗಿದಾಗ ಅದು ಜಾರಿತು. ಕೆಳಗೆ ಅಂಗಳದಲ್ಲಿ ಖಾಜಾನ ತಂದೆ ಒಲೆಯ ಮೇಲೆ ಹಂಡೆ ಇಟ್ಟು ದುಪಟ್ಟಾಗಳಿಗೆ ಹಸಿರು ಬಣ್ಣ ಕುದಿಸುತ್ತಿದ್ದರು. ಆ ಘಳಿಗೆಯಲ್ಲಿ ಒಳಗೆ ಹೋಗಿದ್ದರು. ಕವರು ಗಾಳಿಯಲ್ಲಿ ಒಮ್ಮೆ ಮಗುಚಿ ಆ ಹಂಡೆಯೊಳಗೇ ಬಿತ್ತು. ನಾವು ಓಡಿ ಇಳಿದು, ಬಟ್ಟೆ ತಿರುವುವ ಕೋಲಿನಿಂದ ಎತ್ತುವ ಹೊತ್ತಿಗೆ ಕವರು ಬಿಚ್ಚಿಕೊಂಡಿತ್ತು. ನೆಗೆಟಿವ್ ಮೇಲಿನ ಪದರ ಬಿಸಿಗೆ ಕರಗಿ ಕೆನೆಯಂತೆ ಜಾರುತ್ತಿತ್ತು. ಚಿತ್ರ ಕೋಲಿನ ತುದಿಯಲ್ಲಿ ತೂಗಿತು. ಒಂದು ಕ್ಷಣ, ಹಸಿರು ನೀರು ಇಳಿಯುವಾಗ, ತೊಡೆಯ ಮೇಲೆ ಬಿಡಿಸಿಟ್ಟ ಎರಡು ಕೈಗಳನ್ನು ನಾನು ಕಂಡೆ. ಆಮೇಲೆ ಅವೂ ಹೋದವು. ಉಳಿದ ಕಾಗದವನ್ನು ಒಲೆಗೆ ಹಾಕಿದೆವು. ಯಾರಿಗೂ ಹೇಳುವುದಿಲ್ಲ ಎಂದು ಖಾಜಾ ಆಣೆ ಇಟ್ಟ. ಅವನು ಮಾತು ಉಳಿಸಿಕೊಂಡ.

ಮನೆಗೆ ಬಂದಾಗ ಅತ್ತೆ ಹೊಸ್ತಿಲಲ್ಲಿರಲಿಲ್ಲ, ಗಲ್ಲಿಯ ತಿರುವಿಗೇ ಬಂದು ನಿಂತಿದ್ದಳು. “ಏನಂದ್ರೊ?” ಭಯದಲ್ಲಿ ನನ್ನ ಬಾಯಿ ಎಂದಿಗಿಂತ ಚೆನ್ನಾಗಿ ಓಡಿತು. ನಾನಿಮಾ ಫೋಟೋ ಎದೆಗೊತ್ತಿಕೊಂಡರು, ಅತ್ತರು, ಮೊಮ್ಮಗಳ ಮದುವೆ ಐತಿ, ಮದುವಣಗಿತ್ತಿಯ ಫೋಟೋ ನೀವೇ ಬಂದು ತೆಗೆಯಬೇಕು ಅಂದರು, ಎಂದೆ. ಮದುವೆಯ ಮಾತು ಎಲ್ಲಿಂದ ಬಂತೋ ನನಗೇ ಗೊತ್ತಿಲ್ಲ. ಅತ್ತೆ ಏನೂ ಕೇಳಲಿಲ್ಲ, ನಕ್ಕು ತೋರಿಸು ಅನ್ನಲಿಲ್ಲ. ನನ್ನ ತಲೆಯ ಮೇಲೆ ಕೈ ಇಟ್ಟುಕೊಂಡೇ ಮನೆಯವರೆಗೆ ನಡೆದಳು. ಆ ಸಂಜೆ ಮೊದಲ ಸಲ ಅಪ್ಪನ ಮುಂದೆ, “ಮದುವಿ ಮನಿಗೆ ನನ್ನ ಕರದಾರಪ್ಪಾ” ಎಂದು ಹೇಳಿಕೊಂಡಳು. ಅಪ್ಪ ರೊಟ್ಟಿಯಿಂದ ತಲೆಯೆತ್ತಿ, “ನನ್ನ ಯಾರೂ ಹಂಗ ಕರದಿಲ್ಲ ನೋಡಕ್ಕಾ” ಎಂದರು. ನಮ್ಮ ಮನೆಯ ಲೆಕ್ಕದಲ್ಲಿ ಅದು ದೊಡ್ಡ ಹೊಗಳಿಕೆ.

ದಿನಗಳು ಹೋದವು, ಕರೆ ಬರಲಿಲ್ಲ. ಸಂಕ್ರಾಂತಿ ಮುಗಿದು ಆಕಾಶ ಖಾಲಿಯಾಯಿತು. ಒಂದು ಮಧ್ಯಾಹ್ನ ಅತ್ತೆ ಇಳಕಲ್ ಸೀರೆ ಉಟ್ಟು, ಮುಂದಿನ ಅಂಗಡಿಯಿಂದ ಮದುವಣಗಿತ್ತಿಗೆಂದು ಹಸಿರು ಬಳೆ ಕಟ್ಟಿಸಿಕೊಂಡು, “ಬಾ ಮಗಾ, ಮದುವಿ ಎಂದು ಅಂತ ನಾವs ಕೇಳ್ಕೊಂಡು ಬರೂಣು. ದೊಡ್ಡ ಮಂದಿ, ಗದ್ದಲದಾಗ ಮರತಿರ್ತಾರ” ಎಂದಳು. ಬಡೀ ಚೌಡಿಯ ತರಕಾರಿ ಅಂಗಡಿಗಳ ನಡುವೆ ಅವಳ ಹಿಂದೆ ನಡೆಯುತ್ತ, ಪ್ರತಿ ತಿರುವಿನಲ್ಲೂ ಹೇಳಿಬಿಡುವೆ ಎಂದುಕೊಂಡೆ. ಹೊಟ್ಟೆ ನೋವು ಎಂದೆ. ಹಿಂಗು ತಿನ್ನಿಸ್ತೀನಿ ಬಾ, ಎಂದಳು. ನಡೆದೆ.

ಒಳ ಅಂಗಳದ ಪರದೆ ಸರಿಯಿತು. ನಾನಿಮಾನ ಮಗಳು ಬಿಳಿ ಬಟ್ಟೆಯಲ್ಲಿದ್ದಳು. ಅತ್ತೆಯನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಆಮೇಲೆ, “ಅಬ್ ಆಯೇ ಆಪಾ?” ಎಂದಳು. ಈಗ ಬಂದಿರಾ. ತಾಯಿ ತೀರಿಕೊಂಡು ಇನ್ನೂ ಒಂದು ವಾರವಾಗಿರಲಿಲ್ಲ. ಅವಳು ಸಿಟ್ಟು ಮಾಡಲಿಲ್ಲ, ಅಳುತ್ತಲೂ ಇರಲಿಲ್ಲ. ಬಹಳ ದಣಿದವರ ದನಿಯಲ್ಲಿ ಹೇಳಿದಳು. ಅಮ್ಮ ದಿನವೂ ಕೇಳುತ್ತಿದ್ದರು, ತಸ್ವೀರ್ ಬಂತೇ, ಕೈ ಹೇಗೆ ಬಂದಿವೆ ನೋಡಬೇಕು ಎಂದು. ಅಣ್ಣನಿಗೆ ತಿಳಿಯುತ್ತದೆಂದು ಯಾರನ್ನೂ ನಿಮ್ಮಲ್ಲಿಗೆ ಕಳಿಸುವ ಹಾಗಿರಲಿಲ್ಲ. ನಿಮ್ಮ ಹುಡುಗ ಬರುತ್ತಾನೆ ಎಂದು ಕಾದೆವು. ಈಗ ಅಮ್ಮನ ಗುರುತಿಗೆ ಅದೊಂದೇ. ತಂದಿದ್ದೀರಾ?

ನಾನು ಅತ್ತೆಯ ಸೀರೆಯ ನೆರಿಗೆ ನೋಡುತ್ತ ನಿಂತಿದ್ದೆ. ಕವರು ನನ್ನ ಕೈಯಲ್ಲೇ ಹೋಯಿತೆಂದು ಅವಳಿಗೆ ಹೊಳೆದಿರಬೇಕು, ಆದರೂ ನನ್ನ ಕಡೆ ತಿರುಗಲಿಲ್ಲ. ತಿರುಗಿ ನೋಡಿದ್ದರೆ ಆ ಹೆಂಗಸಿಗೆ ಎಲ್ಲ ತಿಳಿದುಬಿಡುತ್ತಿತ್ತು. ಬಳೆಯ ಪೊಟ್ಟಣವನ್ನು ಸೆರಗಿನೊಳಗೆ ಸರಿಸಿಕೊಂಡು ಅತ್ತೆ ಹೇಳಿದಳು, “ಮಾಫ್ ಕರೋ ಬೇಟೀ. ಮೇರೇ ಹಾತ್ ಸೇ ಖರಾಬ್ ಹೋ ಗಯೀ.” ನನ್ನ ಕೈಯಲ್ಲೇ ಕೆಟ್ಟುಹೋಯಿತು. ಬಂದು ಹೇಳಲು ಮುಖವಿರಲಿಲ್ಲ ಎಂದೂ ಹೇಳಿದಳು. ಮಗಳು ಪರದೆಯ ಅಂಚನ್ನು ಬಿಗಿಯಾಗಿ ಹಿಡಿದುಕೊಂಡಳು. “ಸ್ವಲ್ಪವೂ ಬಂದಿರಲಿಲ್ಲವೇ?” ಎಂದು ಕೇಳಿದಳು. ಅತ್ತೆ ಹೊಸ್ತಿಲ ಮೇಲೆ ಕೂತುಬಿಟ್ಟಳು. ಔಷಧದ ನೀರಿನಲ್ಲಿ ಕೆಡುವ ಮುಂಚೆ ಒಮ್ಮೆ ಪೂರ್ತಿ ಮೂಡಿತ್ತು, ನಾನು ಕಂಡೆ, ಎಂದಳು. ಆಮೇಲೆ ಹೇಳತೊಡಗಿದಳು. ಎರಡೂ ಕೈ ತೊಡೆಯ ಮೇಲೆ ಬಿಡಿಸಿದ್ದವು, ಎಡಗೈ ತುಸು ಮುಂದೆ. ಸೂಜಿ ಹಿಡಿದು ಹಿಡಿದು ಹೆಬ್ಬೆರಳು ಒಳಕ್ಕೆ ಬಾಗಿತ್ತು. ನರಗಳು ಎದ್ದು ಕಾಣುತ್ತಿದ್ದವು, ಉಂಗುರದ ಬೆರಳಲ್ಲಿ ಉಂಗುರ ಇಲ್ಲದಿದ್ದರೂ ಅದರ ಗುರುತು ಇತ್ತು. ಉಗುರಿನ ಮೇಲೆ ಬೆಳಕು ಕೂತಿತ್ತು. ಮುಖದಲ್ಲಿ ನಗು ಇರಲಿಲ್ಲ. ಆದರೆ ನಗಲು ಬೇಡ ಎಂದು ತಾವೇ ತೀರ್ಮಾನ ಮಾಡಿದವರ ಮುಖ. ತನ್ನ ಹರುಕು ಮುರುಕು ಉರ್ದುವಿನಲ್ಲಿ, ಪದ ಸಿಗದ ಕಡೆ ತನ್ನದೇ ಕೈ ಬಿಡಿಸಿ ತೋರಿಸುತ್ತ, ಆ ಚಿತ್ರವನ್ನು ಅವಳು ಪೂರ್ತಿ ಹೇಳಿ ಮುಗಿಸಿದಳು. ಮಗಳು ಅಲ್ಲಿಯವರೆಗೂ ಅತ್ತಿರಲಿಲ್ಲ, ಆಗ ಅತ್ತಳು. “ಹೌ ಆಪಾ, ವೈಸಾಚ್. ಅಮ್ಮೀ ಕೇ ಹಾತಾಂ ವೈಸಾಚ್ ಥೇ” ಎಂದಳು. ಹೌದು, ಹಾಗೇ ಇದ್ದವು.

ಮರಳುವಾಗ ಅತ್ತೆ ಮುಂದೆ ಮುಂದೆ ನಡೆದಳು. ಬಡೀ ಚೌಡಿಯ ಹತ್ತಿರ ನಿಂತು, ನನ್ನ ಕಡೆ ನೋಡದೆ ಕೇಳಿದಳು, “ಮದುವಿ ಇಲ್ಲಲ್ಲ ಆ ಮನ್ಯಾಗ?”

“ಇಲ್ಲ ಅತ್ತೀ.”

“ಅತ್ತರು ಹಚ್ಚಿದ್ರು ಅಂದಿದ್ದೆಲ್ಲ, ಅದು?”

ನಾನು ತಲೆ ತಗ್ಗಿಸಿದೆ.

ಅವಳು ಇನ್ನೂ ಸ್ವಲ್ಪ ನಡೆದು ಮತ್ತೆ ನಿಂತಳು. “ಆ ಮಾರವಾಡಿ ಸೊಸಿ ನಕ್ಕಿದ್ದು?”

“ಅದು ಖರೇ ಅತ್ತೀ. ದೇವರಾಣಿ ಖರೇ. ಸಣ್ಣಗ ನಕ್ಕಿದ್ಳು.”

“ಹೂಂ” ಎಂದಳು ಅತ್ತೆ. ಆ ಹೂಂ ಅನ್ನು ನಾನು ಇವತ್ತಿಗೂ ಮರೆತಿಲ್ಲ. ನಾನು ನಿಜ ಹೇಳಿದ್ದೆ, ಅದು ನಿಜ ಎಂದು ತೋರಿಸಲು ನನ್ನ ಬಳಿ ಏನೂ ಉಳಿದಿರಲಿಲ್ಲ. ದರ್ಜಿಯ ಹೆಂಡತಿಯ ಮಾತು, ಮೂಗಿನ ಮಾತು, ಸುಮ್ಮನೆ ನೋಡುತ್ತ ಕೂತ ಆ ಹೆಂಗಸು, ಇವೆಲ್ಲ ಖರೆಯವು. ನನ್ನ ಸುಳ್ಳುಗಳು ಅವನ್ನೂ ಎಳೆದುಕೊಂಡು ಹೋದವು. ಅವಳ ಹತ್ತಿರ ಇದ್ದ ಆಸ್ತಿ ಅಷ್ಟೇ, ಎಲ್ಲವೂ ಒಂದೇ ಮಧ್ಯಾಹ್ನ ಹೋಯಿತು.

ಅವಳು ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಮದುವೆ ಮುಂದೆ ಹೋಯಿತು ಎಂದಳು. ಹೆಂಗಸರ ಬಾಯಿಂದ ಬಾಯಿಗೆ ಸುದ್ದಿ ಹೋಗದೆ ಇರುತ್ತದೆಯೇ? ಆಪಾನ ಕೈಯಲ್ಲಿ ಫೋಟೋ ಕೆಡುತ್ತದಂತೆ, ತೆಗೆಸಿಕೊಂಡ ಮುದುಕಿಯೂ ಹೋದಳಂತೆ, ಎಂದು ಎರಡೂ ಸೇರಿ ಒಂದೇ ಮಾತಾಯಿತು. ಪರದೆಯ ರಿಕ್ಷಾಗಳು ನಮ್ಮ ಗಲ್ಲಿಗೆ ಬರುವುದು ಕಡಿಮೆಯಾಗಿ, ನಿಂತೇ ಹೋಯಿತು. ಒಂದು ದಿನ ಅಪ್ಪ ಕೇಳಿದರು, “ಅಕ್ಕಾ, ಖರೇನs ನಿನ್ನ ಕೈಲೆ ಕೆಟ್ಟಿತೇನು?” ಅತ್ತೆ ಮೆಂತ್ಯೆ ಸೊಪ್ಪು ಬಿಡಿಸುತ್ತ, “ಕೆಟ್ಟಿತಪ್ಪಾ. ಕಣ್ಣು ಮಂದ ಆಗಾಕತ್ತಾವ” ಎಂದಳು. ನಾನು ಅಲ್ಲೇ ಕೂತು ಲೆಕ್ಕ ಮಾಡುತ್ತಿದ್ದೆ. ಆಗಲೂ ಬಾಯಿ ಬಿಡಲಿಲ್ಲ. ಒಳಗಿನ ಕೋಣೆಗೆ ಮೊದಲು ಜೋಳದ ಚೀಲ ಬಂದವು, ಆಮೇಲೆ ಮುರಿದ ಮಂಚ. ಕಿಟಕಿಗೆ ಯಾರೋ ರಟ್ಟು ಬಡಿದರು.

ಅವಳು ನನ್ನ ಮೇಲೆ ಸಿಟ್ಟು ಮಾಡಿಕೊಂಡಿದ್ದರೆ ನನಗೆ ಸುಲಭವಾಗುತ್ತಿತ್ತು. ಹೆಂಚಿನಿಂದ ಇಳಿದ ಮೊದಲ ರೊಟ್ಟಿ ಮುಂಚಿನ ಹಾಗೇ ನನ್ನ ತಾಟಿಗೇ ಬೀಳುತ್ತಿತ್ತು. ಜ್ವರ ಬಂದರೆ ಹಣೆಗೆ ಒದ್ದೆ ಬಟ್ಟೆ ಹಾಕುತ್ತಿದ್ದಳು. ಒಂದೇ ಒಂದು ವ್ಯತ್ಯಾಸ, ನಾನು ಹೊರಗಿನಿಂದ ಬಂದಾಗ ಏನಂದರು ಎಂದು ಎಂದೂ ಕೇಳಲಿಲ್ಲ. ಶಾಲೆಯ ಸುದ್ದಿಯನ್ನಾಗಲಿ, ಬಜಾರಿನ ಸುದ್ದಿಯನ್ನಾಗಲಿ. ನಾನು ದೊಡ್ಡವನಾದೆ, ಮೀಸೆ ಬಂತು, ನೌಕರಿ ಬಂತು, ಮದುವೆಯಾಯಿತು. ಕಡೆಯ ವರ್ಷಗಳಲ್ಲಿ ಅವಳ ಕಣ್ಣು ನಿಜವಾಗಿ ಹೋದಾಗ, ರಜೆಯ ದಿನ ಅಂಗಳದ ಕಲ್ಲಿನ ಮೇಲೆ ಕೂರಿಸಿ ಪೇಪರ್ ಓದಿ ಹೇಳುತ್ತಿದ್ದೆ. ಊರಿನ ಸುದ್ದಿ, ಮಳೆಯ ಸುದ್ದಿ, ಧಾರಣೆ, ಯಾರೋ ಕಳೆದುಹೋದ ಜಾಹೀರಾತು, ಒಂದು ಸಾಲು ಬಿಡದೆ ಓದಿದೆ. ಓದಬೇಕಾಗಿದ್ದ ಒಂದು ಸಾಲು ನನ್ನ ಗಂಟಲಲ್ಲಿತ್ತು, ಅದನ್ನು ಮಾತ್ರ ಓದಲಿಲ್ಲ. ಅವಳು ಹೋದಾಗ ನಾನು ಕಾರ್ಖಾನೆಯಲ್ಲಿದ್ದೆ. ಬರುವ ಹೊತ್ತಿಗೆ ಕೈಗಳನ್ನು ಎದೆಯ ಮೇಲೆ ಜೋಡಿಸಿಟ್ಟಿದ್ದರು.

ಆ ಮನೆ ಈಗಿಲ್ಲ. ಸೀತಾಫಲದ ಗಿಡವಿದ್ದಲ್ಲಿ ಮಕ್ಕಳ ಬಟ್ಟೆಯ ಅಂಗಡಿ, ಅದರ ಮೇಲೆ ಇನ್ನೊಂದು ಅಂಗಡಿ. ಆದರೂ ನನಗೆ ಒಂದು ಯೋಚನೆ ಬಿಡುವುದಿಲ್ಲ. ನಾನು ಬಾಗಿಲ ಕಾಯುವವರ ಕೈಗೆ ಕೊಟ್ಟು ಓಡಿದ ಕವರುಗಳನ್ನು ಒಳಗೆ ಯಾರೋ ಬಿಚ್ಚಿದ್ದಾರೆ. ಯಾರೋ ನೋಡಿದ್ದಾರೆ, ಏನೋ ಅಂದಿದ್ದಾರೆ. ಹೊರಗೆ ಹುಡುಗ ನಿಂತಿದ್ದಾನೆಯೇ ಎಂದು ಪರದೆಯಿಂದ ಇಣುಕಿಯೂ ನೋಡಿರಬಹುದು. ಆ ಮಾತುಗಳು ಅವಳದಾಗಿದ್ದವು, ಅವಳನ್ನು ಮುಟ್ಟಲಿಲ್ಲ. ಚಿತ್ರಗಳಾದರೂ ಈ ಊರಿನ ಯಾವ ಯಾವುದೋ ಪೆಟ್ಟಿಗೆಗಳಲ್ಲಿ ಇನ್ನೂ ಇರಬೇಕು. ನಿಮ್ಮ ಅಜ್ಜಿಯ ಟ್ರಂಕಿನ ತಳದಲ್ಲಿ ಸುಣ್ಣದ ಗೋಡೆಯ ಮುಂದೆ, ಎಡಗಡೆಯ ಬೆಳಕಿನಲ್ಲಿ ಕೂತ ಹೆಂಗಸೊಬ್ಬಳ ಹಳೆಯ ಫೋಟೋ ನಿಮಗೆ ಸಿಕ್ಕರೆ, ಅದರ ಬೆನ್ನ ಮೇಲೆ ನನ್ನ ಅಪ್ಪನ ಸ್ಟುಡಿಯೋದ ಮುದ್ರೆ ಇದ್ದೀತು. ಆ ಮುದ್ರೆ ಹೇಳುವುದು ಸರಿಯಲ್ಲ. ಸ್ವಲ್ಪ ಹೊತ್ತು ನೋಡಿ. ಏನನ್ನಿಸಿತೋ ಅದನ್ನು, ಕೂಡಿಸದೆ ಕಳೆಯದೆ, ಗಟ್ಟಿಯಾಗಿ ಅನ್ನಿ. ಅದನ್ನು ತೆಗೆದವಳು ನನ್ನ ಅತ್ತೆ; ಅವಳ ಕ್ಷಮೆಯನ್ನು ನಾನು ಕೇಳಲೇ ಇಲ್ಲ. ಅವಳ ಹೆಸರು ಗುರುಬಾಯಿ.